ವಾರಕ್ಕೊಂದು ಹಾಡು: ಕೇಳಿ ಬರೆದು ಕನ್ನಡವನ್ನು ಹರಿತಗೊಳಿಸಿಕೊಳ್ಳುವ ಬಗೆ

ದಿನವಿಡೀ ಕನ್ನಡದಲ್ಲೇ ಬರೆಯುವ ಕೆಲಸ ನನ್ನದು. ಹಾಸನ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಸಾಲದ ನೋಟಿಸು, ಸಭೆಯ ನಡವಳಿ, ಸದಸ್ಯರಿಗೆ ತಿಳಿವಳಿಕೆ ಪತ್ರ ಇವೆಲ್ಲ ನನ್ನ ಮೇಜಿನಿಂದಲೇ ಹೋಗುತ್ತವೆ. ಹಲವು ವರ್ಷ ಹೀಗೆ ಬರೆದ ಮೇಲೆ ಒಂದು ದಿನ ಹಿರಿಯ ರೈತರೊಬ್ಬರು ನಾನೇ ಬರೆದ ನೋಟಿಸನ್ನು ಮಡಚಿ ಹಿಡಿದುಕೊಂಡು ಬಂದು, "ಸ್ವಾಮಿ, ಇದ್ರಲ್ಲಿ ಏನೈತೆ ಅಂತ ಒಸಿ ಕನ್ನಡದಲ್ಲಿ ಹೇಳಿ" ಎಂದರು. ಅವರು ದಿನವೂ ಪತ್ರಿಕೆ ಓದುವವರು. ನಾನು ವಿವರಿಸಿ ಹೇಳಿದೆ, ಅವರು ತಲೆಯಾಡಿಸಿ ಹೊರಗಿನ ಬೆಂಚಿನ ಮೇಲೆ ಕುಳಿತರು. ರಸೀದಿಗಾಗಿ ಕಾಯುತ್ತಿದ್ದ ಆ ಅರ್ಧ ಗಂಟೆಯಲ್ಲಿ ಅವರು ಹಳೆಯ ಚಿತ್ರಗೀತೆಯೊಂದನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ಒಂದು ಪದವೂ ತಪ್ಪಿರಲಿಲ್ಲ, ಅದರಲ್ಲಿ ನನಗೇ ಅರ್ಥ ಗೊತ್ತಿಲ್ಲದ ಎರಡು ಪದಗಳಿದ್ದವು. ಅಂದು ಸಂಜೆ ಮನೆಗೆ ಹೋಗುವಾಗ ನೂರು ಪುಟದ ಗೆರೆ ಹಾಳೆಯ ಪುಸ್ತಕವೊಂದನ್ನು ಕೊಂಡೆ. ಅಲ್ಲಿಂದೀಚೆಗೆ ವಾರಕ್ಕೊಂದು ಹಾಡನ್ನು ಕೇಳಿ ಬರೆಯುತ್ತಾ ಬಂದಿದ್ದೇನೆ. ಬರೆಯುವ ಕೆಲಸದಲ್ಲಿರುವ ಯಾರಿಗಾದರೂ, ದಿನವೆಲ್ಲ ಇಂಗ್ಲಿಷಿನಲ್ಲಿ ಕೆಲಸ ಮಾಡಿ ಮನೆಯಲ್ಲಿ ಮಾತ್ರ ಕನ್ನಡ ಆಡುವವರಿಗೂ, ಈ ಅಭ್ಯಾಸ ಒದಗಿಬರುತ್ತದೆ ಎಂಬ ನಂಬಿಕೆಯಿಂದ ಅದರ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಹೊಸ ಅಭ್ಯಾಸವೇನಲ್ಲ. ಟೆಂಟ್ ಸಿನಿಮಾಗಳ ಕಾಲದಲ್ಲಿ ಚಿತ್ರಮಂದಿರದ ಬಾಗಿಲಲ್ಲೇ ಹಾಡಿನ ಪುಸ್ತಕಗಳನ್ನು ಮಾರುತ್ತಿದ್ದರು. 1957ರಲ್ಲಿ ವಿವಿಧ ಭಾರತಿ ಆರಂಭವಾಗಿ ರೇಡಿಯೋ ಮನೆಮನೆಗೆ ಬಂದ ಮೇಲೆ, ಹಾಡು ಬರುವ ಹೊತ್ತಿಗೆ ಪೆನ್ಸಿಲು ಹಿಡಿದು ಕಾದು, ಸಿಕ್ಕಷ್ಟು ಸಾಲು ಗೀಚಿಕೊಂಡು, ಬಿಟ್ಟುಹೋದದ್ದನ್ನು ಮರುದಿನ ಪಕ್ಕದ ಮನೆಯವರನ್ನು ಕೇಳಿ ತುಂಬಿಕೊಳ್ಳುವವರು ಪ್ರತಿ ಬೀದಿಯಲ್ಲೂ ಇದ್ದರು. ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುವ ಸೌಲಭ್ಯ ಅವರಿಗಿರಲಿಲ್ಲವಾದ್ದರಿಂದ ಅವರ ಕಿವಿ ನಮ್ಮದಕ್ಕಿಂತ ಎಷ್ಟೋ ಚುರುಕಾಗಿತ್ತು. ನಮಗೆ ಸೌಲಭ್ಯ ಇದೆ, ಕಿವಿಯನ್ನು ಮರಳಿ ಪಳಗಿಸಿಕೊಳ್ಳಬೇಕಾಗಿದೆ.

ಮೊದಲು ಹಾಡನ್ನು ಆರಿಸಿಕೊಳ್ಳಬೇಕು. ಚಿಕ್ಕಂದಿನಿಂದ ಕೇಳಿ ಬಾಯಿಪಾಠವಾಗಿರುವ, ಆದರೆ ಒಂದೆರಡು ಪದಗಳ ಅರ್ಥ ಇಂದಿಗೂ ತಿಳಿಯದಿರುವ ಹಾಡು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದರ ಮೇಲೆ ನಮಗೆ ಈಗಾಗಲೇ ಪ್ರೀತಿ ಇರುತ್ತದೆ ಮತ್ತು ತಿಳಿಯದ ಪದ ಒಳಗೆಲ್ಲೋ ಚುಚ್ಚುತ್ತಲೂ ಇರುತ್ತದೆ. ವಾದ್ಯಗಳ ಅಬ್ಬರ ಕಡಿಮೆ ಇದ್ದು ಮಾತು ಸ್ಪಷ್ಟವಾಗಿ ಕೇಳುವ ಹಾಡನ್ನು ಮೊದಲ ತಿಂಗಳುಗಳಲ್ಲಿ ಹಿಡಿಯಿರಿ. ಆ ಲೆಕ್ಕಕ್ಕೆ 1960 ಮತ್ತು 70ರ ದಶಕಗಳ ಹಾಡುಗಳು ಹೊಂದುತ್ತವೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇಬ್ಬರ ಮನೆಮಾತೂ ತೆಲುಗು. ಆದರೂ ಅವರ ಬಾಯಲ್ಲಿ ಕನ್ನಡದ ಳಕಾರ, ಣಕಾರಗಳು ತಪ್ಪದೆ ಬರುತ್ತವೆ. ಬೇರೆ ಮನೆಮಾತಿನವರು ಶ್ರದ್ಧೆಯಿಂದ ಕಲಿತು ಆಡಿದ ಕನ್ನಡವನ್ನು ಗಮನವಿಟ್ಟು ಕೇಳಿದರೆ, ಹುಟ್ಟಿನಿಂದ ಬಂದದ್ದೆಂದು ನಾವು ಲಕ್ಷ್ಯ ಕೊಡದೆ ಬಿಟ್ಟ ಉಚ್ಚಾರಗಳು ಕಿವಿಗೆ ಬೀಳುತ್ತವೆ. ಗುಬ್ಬಿ ನಾಟಕ ಕಂಪನಿಯ ರಂಗದ ಮೇಲೆ ಪಳಗಿದ ಡಾ. ರಾಜ್‌ಕುಮಾರ್ ಅವರ ಗಾಯನದ ಗುಣವೂ ಇದೇ: ಕೊನೆಯ ಸಾಲಿನಲ್ಲಿ ಕುಳಿತವನಿಗೂ ಪದ ಮುಟ್ಟಬೇಕೆಂಬ ರಂಗಭೂಮಿಯ ಶಿಸ್ತು ಅದರಲ್ಲಿದೆ. ಹೊಸ ಹಾಡುಗಳಲ್ಲೂ ಒಳ್ಳೆಯ ಭಾಷೆ ಇದೆ, ಕಿವಿ ಪಳಗಿದ ಮೇಲೆ ಅವುಗಳ ಕಡೆಗೂ ಹೋಗಿ.

ಈಗ ಬರೆಯುವುದು. ಮೊದಲ ಸಲ ಪೆನ್ನು ಮುಟ್ಟದೆ ಕೇಳಿ. ನಾನು ಇದನ್ನು ಬೆಳಗಿನ ಬಸ್ಸಿನಲ್ಲಿ ಮಾಡುತ್ತೇನೆ. ಚಿತ್ರದ ದೃಶ್ಯವನ್ನು ನೋಡಬೇಡಿ; ನಾಯಕಿ ಹೂವಿನ ಕಡೆ ಕೈ ತೋರಿಸಿದರೆ ಪದ ಕೇಳಿಸದಿದ್ದರೂ ಕೇಳಿಸಿದಂತೆ ಅನ್ನಿಸಿಬಿಡುತ್ತದೆ. ಎರಡನೆಯ ಸಲ, ಮನೆಯಲ್ಲಿ ಕುಳಿತು, ಸಾಲಿಗೊಮ್ಮೆ ನಿಲ್ಲಿಸಿ ಬರೆಯಿರಿ. ತಿಳಿಯದ ಕಡೆ ಊಹಿಸಿ ತುಂಬಬೇಡಿ, ಜಾಗ ಬಿಡಿ. ಮೂರನೆಯ ಸಲ ಆ ಜಾಗಗಳಿಗಾಗಿ ಮಾತ್ರ ಕೇಳಿ. ಅಂತರ್ಜಾಲದಲ್ಲಿ ಸಾಹಿತ್ಯ ಸಿದ್ಧವಾಗಿ ಸಿಗುತ್ತದೆ ನಿಜ, ಆದರೆ ಅದನ್ನು ಮೊದಲೇ ತೆರೆದರೆ ಕಿವಿಗೆ ಕೆಲಸವೇ ಉಳಿಯುವುದಿಲ್ಲ. ಮೇಲಾಗಿ ಅಲ್ಲಿ ಅಲ್ಪಪ್ರಾಣಕ್ಕೆ ಮಹಾಪ್ರಾಣ, ಲಕಾರಕ್ಕೆ ಳಕಾರ ಬರೆದಿರುವ ಪ್ರತಿಗಳು ಬಹಳ, ಒಂದೇ ತಪ್ಪು ಹತ್ತು ಕಡೆ ಹಾಗೇ ನಕಲಾಗಿರುತ್ತದೆ. ನೀವು ಬರೆದು ಮುಗಿಸಿದ ಮೇಲೆ ಹೋಲಿಸಿ ನೋಡಲು ಬೇಕಾದರೆ ಅದನ್ನು ಬಳಸಿಕೊಳ್ಳಿ.

ಬರೆಯುವಾಗ ಎಲ್ಲರೂ ಎಡವುವುದು ಸ್ವರಗಳ ಉದ್ದದಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ: ಬಳೆ ಬೇರೆ, ಬಾಳೆ ಬೇರೆ, ಹಳೆ ಬೇರೆ, ಹಾಳೆ ಬೇರೆ. ರಾಗವಾದರೋ ತನ್ನ ಅಗತ್ಯಕ್ಕೆ ತಕ್ಕಂತೆ ಹ್ರಸ್ವವನ್ನೂ ಎಳೆಯುತ್ತದೆ. 'ಮನೆಯ' ಎಂಬುದು ಹಾಡಿನಲ್ಲಿ 'ಮನೆಯಾ' ಆಗುತ್ತದೆ, 'ಬಂದ' ಎಂಬುದು 'ಬಂದಾ' ಆಗುತ್ತದೆ. ಪುಸ್ತಕದಲ್ಲಿ ಎಳೆದ ರೂಪವನ್ನು ಬರೆಯದೆ ಮಾತಿನ ರೂಪವನ್ನು ಬರೆಯಬೇಕು. ಅನುಮಾನ ಬಂದಾಗ ಆ ಸಾಲನ್ನು ರಾಗ ಬಿಟ್ಟು, ಎದುರಿಗಿರುವವರಿಗೆ ಸುದ್ದಿ ಹೇಳುವಂತೆ ಗಟ್ಟಿಯಾಗಿ ಹೇಳಿ ನೋಡಿ. ನಾಲಿಗೆ ಎಲ್ಲಿ ತಾನಾಗಿ ಮೊಟಕಾಗುತ್ತದೋ ಅಲ್ಲಿ ಹ್ರಸ್ವ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆ ಎಣಿಸಲು ಶಾಲೆಯಲ್ಲಿ ಕಲಿತದ್ದು ನೆನಪಿದ್ದರೆ ಅದೂ ನೆರವಿಗೆ ಬರುತ್ತದೆ, ಆದರೆ ಮೊದಲು ಕವಿತೆಯಾಗಿದ್ದು ಆಮೇಲೆ ಹಾಡಾದ ರಚನೆಗಳಲ್ಲಿ ಮಾತ್ರ ಆ ಲೆಕ್ಕ ಗಟ್ಟಿ. ರಾಗಕ್ಕೆ ಪದ ಕೂರಿಸಿದ ಹಾಡುಗಳಲ್ಲಿ ಅದನ್ನು ನೆಚ್ಚಬೇಡಿ.

ಇನ್ನು ಪದಗಳನ್ನು ಬಿಡಿಸುವ ಕೆಲಸ, ನನ್ನ ಮಟ್ಟಿಗೆ ಇಡೀ ಅಭ್ಯಾಸದ ತಿರುಳು ಇದೇ. ಹಾಡಿನಲ್ಲಿ ಪದೇಪದೇ ಬರುವ 'ಕಂಬನಿ'ಯನ್ನೇ ತೆಗೆದುಕೊಳ್ಳಿ. ಕಣ್ಣೀರು ಎಂದು ಅರ್ಥ ಎಲ್ಲರಿಗೂ ಗೊತ್ತು, ಆದರೆ ಪದ ಹೇಗೆ ಆಯಿತೆಂದು ಕೇಳಿದರೆ ಹೆಚ್ಚಿನವರು ನಿಂತುಬಿಡುತ್ತಾರೆ. ಕಣ್ ಮತ್ತು ಪನಿ ಸೇರಿ ಕಂಬನಿ. ಪನಿ ಎಂದರೆ ಇಂದಿನ ಹನಿ. ಎರಡನೆಯ ಪದದ ಮೊದಲಿಗಿರುವ ಕ, ತ, ಪಗಳು ಗ, ದ, ಬಗಳಾಗುವ ಆದೇಶ ಸಂಧಿ ಇಲ್ಲಿ ನಡೆದಿದೆ. ಹಳಗನ್ನಡದ ಎಷ್ಟೋ ಪಕಾರಗಳು ಹೊಸಗನ್ನಡದಲ್ಲಿ ಹಕಾರವಾದವು, ಪಾಡು ಹಾಡಾಯಿತು, ಪೂ ಹೂವಾಯಿತು. ಆದರೆ ಕಂಬನಿಯ ಒಳಗೆ ಸೇರಿಕೊಂಡ ಪಕಾರ ಬಕಾರವಾಗಿ ಅಡಗಿ ಕುಳಿತು ಹಾಗೇ ಉಳಿದುಬಿಟ್ಟಿತು. ಒಂದು ಪದವನ್ನು ಹೀಗೆ ಬಿಡಿಸಿದರೆ ಅದರ ನೆಂಟರೆಲ್ಲ ಕಾಣಿಸಿಕೊಳ್ಳುತ್ತಾರೆ. ಹೊನ್ ಮತ್ತು ಕನಸು ಸೇರಿ ಹೊಂಗನಸು, ಹೊನ್ ಮತ್ತು ಬಿಸಿಲು ಸೇರಿ ಹೊಂಬಿಸಿಲು, ತಣ್ ಮತ್ತು ಗಾಳಿ ಸೇರಿ ತಂಗಾಳಿ, ಮುನ್ ಮತ್ತು ಕಾರು, ಅಂದರೆ ಮಳೆಗಾಲ, ಸೇರಿ ಮುಂಗಾರು.

ಇಷ್ಟು ಬರೆದುಕೊಂಡ ವಾರವೇ ಕಚೇರಿಯಲ್ಲಿ ನನಗೊಂದು ಸಂಗತಿ ಹೊಳೆಯಿತು. ನನ್ನ ಮೇಜಿನ ಮೇಲಿದ್ದ ಕಡತದಲ್ಲಿ ಮುಂಗಡ, ಮುಂಬಡ್ತಿ, ಹಿಂಬಾಕಿ, ಬೆಂಬಲ ಬೆಲೆ ಎಂಬ ಪದಗಳಿದ್ದವು. ಮುಂಗಾರಿನ ಮುನ್ ಎಂಬುದೇ ಮುಂಬಡ್ತಿಯಲ್ಲೂ ಇದೆ. ಬೆನ್ ಮತ್ತು ಬಲ ಸೇರಿಯೇ ಬೆಂಬಲವಾಗಿದೆ, ಅಂದರೆ ಬೆನ್ನ ಹಿಂದೆ ನಿಂತ ಬಲ. ಹಾಡಿನ ಕನ್ನಡ ಬೇರೆ, ಕಡತದ ಕನ್ನಡ ಬೇರೆ ಎಂದು ಅಷ್ಟು ವರ್ಷ ತಿಳಿದಿದ್ದವನಿಗೆ ಎರಡೂ ಒಂದೇ ಮೂಸೆಯಲ್ಲಿ ಆದವೆಂದು ಕಂಡಾಗ ಆದ ಸಂತೋಷ ದೊಡ್ಡದು. ಆದ್ದರಿಂದ ಪುಸ್ತಕದ ಎಡಪುಟದಲ್ಲಿ ಹಾಡನ್ನು ಬರೆದು, ಬಲಪುಟದಲ್ಲಿ ಬಿಡಿಸಿದ ಪದಗಳನ್ನೂ ಅದೇ ಬಗೆಯಲ್ಲಿ ಆದ, ನಿಮ್ಮ ಕೆಲಸದಲ್ಲಿ ಬಳಕೆಯಾಗುವ ಪದಗಳನ್ನೂ ಅಕ್ಕಪಕ್ಕ ಬರೆಯಿರಿ.

ಅರ್ಥ ತಿಳಿಯದ ಪದಕ್ಕೆ ನಿಘಂಟು ಬೇಕು. ಕಿಟ್ಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರದ್ದಾದರೂ ಹಳ್ಳಿಯ ಮಾತು, ಗಾದೆ, ಕಸುಬಿನ ಪದಗಳಿಗೆ ಇಂದಿಗೂ ಅದು ನನ್ನ ಮೊದಲ ಆಸರೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿದೆ, ಅದನ್ನು ಗ್ರಂಥಾಲಯದಲ್ಲೇ ನೋಡಬೇಕಾದೀತು; ಶನಿವಾರ ಮಧ್ಯಾಹ್ನ ಅದಕ್ಕೊಂದು ಗಂಟೆ ಇಡಿ. ಫೋನಿನಲ್ಲೇ ನೋಡುವುದಾದರೆ ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಒಬ್ಬರೇ ಕೂಡಿಸಿದ 'ಅಲರ್' ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಿಘಂಟಿನಲ್ಲಿ ಕ್ರಿಯಾಪದಗಳು ಧಾತುವಿನ ರೂಪದಲ್ಲಿರುತ್ತವೆ ಎಂಬುದನ್ನು ನೆನಪಿಡಿ: 'ಹೊಯ್ದ' ಎಂದು ಹುಡುಕಿದರೆ ಸಿಗದೇ ಹೋಗಬಹುದು, 'ಹೊಯ್' ಎಂದು ಹುಡುಕಬೇಕು. ಹಕಾರದಲ್ಲಿ ಸಿಗದಿದ್ದರೆ ಪಕಾರದಲ್ಲಿ ನೋಡಬೇಕು.

ನನ್ನ ಪುಸ್ತಕದ ಮೊದಲ ಹಾಡನ್ನೇ ಉದಾಹರಣೆಗೆ ಹೇಳುತ್ತೇನೆ. ಬೇಂದ್ರೆಯವರ 'ಬೆಳಗು' ಕವಿತೆ 1967ರ 'ಬೆಳ್ಳಿ ಮೋಡ' ಚಿತ್ರದಲ್ಲಿ ಹಾಡಾಗಿ ಬಂದು, ಕವಿತೆ ಓದದವರ ಬಾಯಿಗೂ ಸೇರಿತು. ಅದರ ಮೊದಲಿಗೇ 'ಎರಕ' ಹೊಯ್ಯುವ ಮಾತು ಬರುತ್ತದೆ. ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವುದು ಎರಕ. ಕುಲುಮೆಯ ಮುಂದೆ ನಿಂತು ನೋಡಿದವರಿಗೆ ಆ ಕೆಂಪು ಹೊಳಪಿನ ದ್ರವ ಹರಿಯುವ ಪರಿ ಗೊತ್ತು, ಬೆಳಗಿನ ಬೆಳಕಿಗೆ ಆ ಪದವನ್ನು ಹಚ್ಚಿದ್ದು ಏಕೆಂದೂ ಅವರಿಗೆ ತಕ್ಷಣ ಹೊಳೆಯುತ್ತದೆ. ನಾನು ಕುಲುಮೆ ನೋಡಿದವನಲ್ಲ. ನಿಘಂಟು ತೆರೆದಾಗ ಎರಕದ ಮೂಲ 'ಎರೆ' ಎಂದಿತು, ಎರೆ ಎಂದರೆ ಹೊಯ್ಯು, ಸುರಿ. ಆಗ ನೆನಪಾಯಿತು: ಹಬ್ಬದ ದಿನ ಎಣ್ಣೆ ಹಚ್ಚಿ ತಲೆಗೆ ಎರೆದುಕೊಳ್ಳುತ್ತೇವಲ್ಲ, ಅದೇ ಎರೆ. ನಮ್ಮ ಮನೆಯಲ್ಲಿ ಅಮ್ಮ ದೋಸೆ ಹುಯ್ಯುತ್ತಾರೆ, ಮಲೆನಾಡಿನಿಂದ ಬಂದ ಅತ್ತಿಗೆ ದೋಸೆ ಎರೆಯುತ್ತಾರೆ. ಈ ಎರಡು ಮಾತಿನ ವಿಷಯದಲ್ಲಿ ಅವರಿಬ್ಬರ ನಡುವೆ ವರ್ಷಗಟ್ಟಲೆ ತಮಾಷೆ ನಡೆದಿತ್ತು. ಕವಿಯ ಸಾಲಿನಲ್ಲಿ ಎರಕವೂ ಹೊಯ್ಯುವುದೂ ಪಕ್ಕಪಕ್ಕದಲ್ಲೇ ಇವೆ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ಅತ್ತಿಗೆ ಸೌಟನ್ನು ಹಾಗೇ ಹಿಡಿದುಕೊಂಡು, "ನೋಡಿ ಅತ್ತೆ, ಇಬ್ರೂ ಸರಿ ಅಂತೆ" ಎಂದರು. ಅದೇ ಹಾಡಿನ 'ಮೂಡಲ' ಎಂಬ ಪದ ಕಚೇರಿಯಲ್ಲಿ ಕೈಗೆ ಬಂತು. ಸೂರ್ಯ ಮೂಡುವ ದಿಕ್ಕು ಮೂಡಲು, ಪಡುವ ಅಂದರೆ ಮುಳುಗುವ ದಿಕ್ಕು ಪಡುವಲು. ಸಾಲಕ್ಕೆ ಆಧಾರವಾಗಿ ರೈತರು ತರುವ ಹಳೆಯ ಕ್ರಯಪತ್ರಗಳ ಚಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕೂ ಕಡೆಯ ಗಡಿಯ ವಿವರದಲ್ಲಿ, ಮೂಡಲು, ಪಡುವಲು, ತೆಂಕಲು, ಬಡಗಲು ಎಂದೇ ಬರೆದಿರುತ್ತದೆ, ನಾನು ಅವನ್ನು ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ ಎಂದು ಬದಲಿಸಿ ನಮೂದಿಸುತ್ತಿದ್ದೆ. ಈಗ ಎರಡನ್ನೂ ಬರೆಯುತ್ತೇನೆ, ಏಕೆಂದರೆ ಹೊಲದ ಬದುವಿನ ಮೇಲೆ ನಿಂತು ಮಾತಾಡುವಾಗ ಜನ ಬಳಸುವುದು ಆ ಹಳೆಯ ಹೆಸರುಗಳನ್ನೇ.

ಪದ ಸಿಕ್ಕಿದ ಮೇಲೆ ಅದನ್ನು ಬಳಸಬೇಕು, ಇಲ್ಲದಿದ್ದರೆ ಒಂದು ತಿಂಗಳಲ್ಲಿ ಮರೆತುಹೋಗುತ್ತದೆ. ವಾರಕ್ಕೆ ಮೂರೇ ಪದಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ನಿಮ್ಮ ದಿನದ ಕೆಲಸದಿಂದಲೇ ಒಂದು ವಾಕ್ಯ ಬರೆಯಿರಿ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಹಾಡಿನ ಪದಗಳನ್ನು ತಂದು ನೋಟಿಸಿಗೆ ಅಂಟಿಸಿದರೆ ನೋಟಿಸು ಕೆಡುತ್ತದೆ, ಸಾಲದ ಪತ್ರದಲ್ಲಿ ಹೊಂಬಿಸಿಲಿಗೆ ಜಾಗವಿಲ್ಲ. ಹಾಡಿನಿಂದ ಬರಹಕ್ಕೆ ತರಬೇಕಾದದ್ದು ಅದರ ಕ್ರಿಯಾಪದಗಳ ಕಸುವನ್ನು. ನೀವು ಬರೆದುಕೊಂಡ ಹಾಡಿನಲ್ಲಿ ಕ್ರಿಯಾಪದಗಳಿಗೆಲ್ಲ ಕೆಳಗೆರೆ ಎಳೆದು ನೋಡಿ: ಮೂಡು, ಸೂಸು, ತೆರೆ, ಅರಳು, ಬಾಡು, ತಣಿ, ಸೋಲು. ಆಮೇಲೆ ನೀವು ಬರೆದ ಕಚೇರಿ ಪತ್ರವೊಂದರಲ್ಲಿ ಹಾಗೆಯೇ ಕೆಳಗೆರೆ ಎಳೆಯಿರಿ. ನನ್ನ ಪತ್ರದಲ್ಲಿ ಸಿಕ್ಕಿದ್ದು ಪಾವತಿ ಮಾಡು, ಪರಿಶೀಲನೆ ಮಾಡು, ಸಲ್ಲಿಕೆ ಮಾಡು, ಕ್ರಮ ಜರುಗಿಸು ಎಂಬವು. ಹೆಚ್ಚಿನವಕ್ಕೆ ಒಂದು ನಾಮಪದ, ಅದರ ಬಾಲಕ್ಕೊಂದು 'ಮಾಡು'. ಕಟ್ಟು, ನೋಡು, ಕೊಡು ಎಂಬ ಪದಗಳು ನಾಡಿನ ಎಲ್ಲರ ಬಾಯಲ್ಲಿ ಇರುವಾಗ ನಾನು ಅವನ್ನು ಒಮ್ಮೆಯೂ ಬಳಸಿರಲಿಲ್ಲ.

ಆ ರೈತರು ಹಿಡಿದು ತಂದಿದ್ದ ನೋಟಿಸಿನಲ್ಲಿ ಹೀಗಿತ್ತು: "ಸದರಿ ಸಾಲದ ಬಾಬ್ತು ಕಂತಿನ ಮೊಬಲಗನ್ನು ನಿಗದಿತ ಅವಧಿಯೊಳಗಾಗಿ ಪಾವತಿ ಮಾಡತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು." ಎಷ್ಟು ಹಣ, ಯಾವ ದಿನ, ತಪ್ಪಿದರೆ ಏನಾಗುತ್ತದೆ ಎಂಬ ಮೂರರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ. ಈಗ ನಾನು ಬರೆಯುವುದು ಹೀಗೆ: "ನೀವು ಪಡೆದ ಬೆಳೆಸಾಲದ ಕಂತನ್ನು ಮಾರ್ಚ್ 31ರೊಳಗೆ ಕಟ್ಟಿ ರಸೀದಿ ಪಡೆಯಿರಿ. ಆ ದಿನ ದಾಟಿದರೆ ಸುಸ್ತಿ ಬಡ್ಡಿ ಸೇರುತ್ತದೆ." ಕಂತಿನ ಮೊತ್ತವನ್ನು ಕೆಳಗೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇನೆ. ಸುಸ್ತಿ, ಕಂತು, ರಸೀದಿ, ಜಮೆ ಇವು ಎಲ್ಲಿಂದಲೋ ಬಂದ ಪದಗಳೇ ಇರಬಹುದು, ಆದರೆ ರೈತರಿಗೆ ಅವು ಮನೆಯ ಪದಗಳು, ಅವನ್ನು ತೆಗೆದು ಹೊಸದಾಗಿ ಸಂಸ್ಕೃತದ ಪದ ಕಟ್ಟುವುದು ಬೇಡ. ಕಾನೂನಿನ ಪ್ರಕಾರ ಗೊತ್ತಾದ ನಮೂನೆಯಲ್ಲೇ ಹೋಗಬೇಕಾದ ಪತ್ರಗಳಿದ್ದರೆ ಆ ನಮೂನೆಯನ್ನು ಮುಟ್ಟದೆ, ಅದರ ಕೆಳಗೆ ಎರಡು ಸಾಲಿನ ತಿಳಿಗನ್ನಡದ ವಿವರಣೆಯನ್ನು ಸೇರಿಸಿ. ನಮ್ಮ ಕಾರ್ಯದರ್ಶಿಗಳು ಇದಕ್ಕೆ ತಕರಾರು ಮಾಡಲಿಲ್ಲ. 1963ರ ಆಡಳಿತ ಭಾಷಾ ಕಾಯ್ದೆಯಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು, ಆದರೆ ಕಚೇರಿಗೆ ಬಂದವರಿಗೆ ಆ ಕನ್ನಡ ಅರ್ಥವಾಗುವಂತೆ ಬರೆಯುವುದು ಮೇಜಿನ ಮುಂದೆ ಕುಳಿತ ನಮ್ಮ ಹೊಣೆ ಎಂದು ನಾನು ಮನಸಾರೆ ನಂಬಿದ್ದೇನೆ.

ಚಿತ್ರದ ಸಂಭಾಷಣೆಯಿಂದಲೂ ಹೀಗೆ ಕಲಿಯಬಹುದು. ಧಾರವಾಡದ ಕಡೆಯ, ಮಂಗಳೂರಿನ ಕಡೆಯ, ಕುಂದಾಪುರದ ಕಡೆಯ ಮಾತು ಚಿತ್ರಗಳಲ್ಲಿ ಈಗ ಹೆಚ್ಚಾಗಿ ಕೇಳಸಿಗುತ್ತದೆ. ಆದರೆ ಇಡೀ ಚಿತ್ರವನ್ನು ಬರೆಯಲು ಹೋಗಬೇಡಿ, ಎರಡು ನಿಮಿಷದ ಒಂದು ದೃಶ್ಯ ಸಾಕು, ಅದರಲ್ಲಿ ಆ ಸೀಮೆಯವರೊಬ್ಬರನ್ನು ಕೇಳಿಯೇ ಅರ್ಥ ಬರೆದುಕೊಳ್ಳಿ.

ಹೊತ್ತು ಎಷ್ಟು ಬೇಕೆಂದು ನನ್ನನ್ನು ಕೇಳುವವರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಎನ್ನುತ್ತೇನೆ. ಬರೆಯುವ ದಿನ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಉಳಿದ ದಿನ ಬಸ್ಸಿನಲ್ಲಿ ಕೇಳುವುದೇ ಅಭ್ಯಾಸ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಹಾಡು ಬರೆಯಲು ಹೋಗಬೇಡಿ. ಹಾಗೆ ಮಾಡಿದಾಗಲೆಲ್ಲ ನನಗೆ ಎರಡೂ ಅರೆಬರೆಯಾಗಿವೆ. ಕೈಯಲ್ಲೇ ಬರೆಯಿರಿ. ಕೀಲಿಮಣೆಯಲ್ಲಿ ಮೊದಲೆರಡು ಅಕ್ಷರ ಒತ್ತಿದರೆ ಉಳಿದ ಪದವನ್ನು ಫೋನೇ ಸೂಚಿಸಿಬಿಡುತ್ತದೆ, ಒತ್ತಕ್ಷರ ಎಲ್ಲಿ ಬರಬೇಕೆಂದು ಯೋಚಿಸುವ ಕೆಲಸ ನಮಗೆ ಉಳಿಯುವುದಿಲ್ಲ. ಬರೆದ ಹಾಡನ್ನು ವಾರದ ಕೊನೆಗೆ ಮನೆಯವರ ಮುಂದೆ ಒಮ್ಮೆ ಓದಿ, ಕಂಠವಿದ್ದರೆ ಹಾಡಿ. ತಪ್ಪು ಕೇಳಿಸಿಕೊಂಡ ಪದಗಳು ಆಗಲೇ ಹೊರಬೀಳುವುದು. ಹೊಂಬಿಸಿಲನ್ನು ನನ್ನ ತಂಗಿ ಬಹುಕಾಲ 'ಹೂಂ, ಬಿಸಿಲು' ಎಂದೇ ಹಾಡುತ್ತಿದ್ದಳೆಂದು ನಮಗೆ ತಿಳಿದದ್ದು ಅಂಥದೊಂದು ಭಾನುವಾರ.

ಪುಸ್ತಕದ ಕೊನೆಯ ಆರು ಹಾಳೆಗಳನ್ನು ಮೊದಲೇ ಬಿಟ್ಟಿಡಿ. ಅಲ್ಲಿ ಅ ಇಂದ ಳ ವರೆಗೆ ಅಕ್ಷರಗಳಿಗೆ ಜಾಗ ಮಾಡಿ, ಹೊಸ ಪದ ಸಿಕ್ಕಂತೆ ಅದರ ಪುಟಸಂಖ್ಯೆಯನ್ನು ನಮೂದಿಸುತ್ತಾ ಹೋಗಿ, ದಿನದ ಲೆಕ್ಕದ ಕಿರ್ದಿ ಪುಸ್ತಕದಿಂದ ಖಾತೆಗೆ ಲೆಕ್ಕ ಇಳಿಸಿದ ಹಾಗೆ. ನನ್ನದರಲ್ಲಿ ಮಕಾರದ ಪುಟವೇ ಮೊದಲು ತುಂಬಿತು, ಮುಗಿಲು ಮಳೆ ಮುಂಗಾರುಗಳಿಂದಲೇ ಅರ್ಧ ಹೋಯಿತು. ಕಟ್ಟಕಡೆಯ ಹಾಳೆಯನ್ನು ಯಾವ ನಿಘಂಟಿನಲ್ಲೂ ಸಿಗದ ಪದಗಳಿಗೆ ಮೀಸಲಿಡಿ, ಅವನ್ನು ಪೆನ್ಸಿಲಿನಲ್ಲೇ ಬರೆಯಿರಿ. ಕಚೇರಿಗೆ, ಅಂಗಡಿಗೆ, ಮದುವೆಮನೆಗೆ ಹಿರಿಯರು ಬಂದಾಗ ಆ ಹಾಳೆಯನ್ನು ತೆರೆದು ಕೇಳಿ. ನಾನು ಹಾಗೆ ಮೊದಲು ಕೇಳಿದ್ದು ಆ ರೈತರನ್ನೇ, ಮುಂದಿನ ಕಂತು ಕಟ್ಟಲು ಬಂದ ದಿನ. ಅಂದು ಅವರು ಹಾಡಿಕೊಳ್ಳುತ್ತಿದ್ದ ಹಾಡಿನ ಎರಡು ಪದಗಳಲ್ಲಿ ಒಂದಕ್ಕೆ ಅರ್ಥ ಹೇಳಿದರು, ಇನ್ನೊಂದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮವ್ವ ಅಂತಿದ್ಲು ಸ್ವಾಮಿ, ಕೇಳ್ಕಂಡು ಬತ್ತೀನಿ, ನಮ್ಮಕ್ಕಂಗೆ ಗೊತ್ತಿರ್ತದೆ" ಎಂದು ರಸೀದಿಯನ್ನು ಜೇಬಿಗಿಟ್ಟುಕೊಂಡು ಹೊರಟರು.